ಮೊದಲು ಯಾರು ಮಾತಾಡಬೇಕು

ಸಂತೆಕಲ್ಲೂರಿನ ಗ್ಯಾನಮ್ಮ ಸಿಟ್ಟಾಗಿದ್ದಾರೆ ಎಂಬ ಸುದ್ದಿ ನಮ್ಮ ಮನೆಗೆ ಮೆಂತ್ಯೆ ಸೊಪ್ಪಿನ ಬುಟ್ಟಿಯ ಜೊತೆ ಬಂತು. ಮಸ್ಕಿ ಬಸ್‌ಸ್ಟ್ಯಾಂಡಿನ ಹೊರಗೆ ತರಕಾರಿ ಮಾರುವ ಜುಬೇದಾಬೀ ಸಂಜೆ ಉಳಿದ ಸೊಪ್ಪನ್ನು ನಮ್ಮ ಓಣಿಯಲ್ಲಿ ಕೊಟ್ಟು ಮನೆಗೆ ಹೋಗುತ್ತಾಳೆ. ಅಂದು ಬುಟ್ಟಿ ಇಳಿಸಿದವಳು ಸೊಪ್ಪಿನ ಮಾತೇ ಎತ್ತಲಿಲ್ಲ.

"ಏನ್ ಮಾಡ್ಯಾಳಬೇ ನಿನ್ನ ಮಗಳು? ಗ್ಯಾನಮ್ಮ ನನ್ನ ಬುಟ್ಟಿ ಮುಂದ ನಿಂತು ಉರಕೊಂಡು ಹೋದಳು."

ಗ್ಯಾನಮ್ಮ ಎಂದರೆ ನನ್ನ ಮಗ ಶಿವಪ್ರಸಾದನಿಗೆ ನೋಡಿದ ಹುಡುಗಿ ಸುಕನ್ಯಾಳ ತಾಯಿ. ಹೋದ ತಿಂಗಳು ಗಂಡ ಅಂಬಪ್ಪನವರ ಜೊತೆ ನಮ್ಮ ಮನೆಗೆ ಬಂದು, ಚಹಾ ಕುಡಿದು, ನನ್ನ ಮಗಳು ನಂದಿನಿಯನ್ನು ಪಕ್ಕದಲ್ಲಿ ಕೂರಿಸಿಕೊಂಡು ಕಾಲೇಜಿನ ಸುದ್ದಿ ಕೇಳಿ ಹೋಗಿದ್ದರು. ಅಂಥವರು ಉರಿದುಕೊಂಡು ಹೋಗುವಂಥದ್ದು ಏನಾಯಿತು?

"ಸಿಂಧನೂರು ಬಸ್ ಇಳದು ನಂದಿನಿ ಬಂದ್ಲು. ಗ್ಯಾನಮ್ಮ ಎದುರಿಗೆ ನಕ್ಕೋತ ನಿಂತಾಳ. ಈಕಿ ಹತ್ರ ಬಂದು, ನಿಂತು, ಮಾರಿ ಆ ಕಡಿ ತಿರುವಿ ಹೋಗೇಬಿಟ್ಲು. 'ಕಾಲೇಜ್ ಕಲಿತ್ರ ಇಷ್ಟು ಸೊಕ್ಕೇನು, ಹಿರೇರಿಗೆ ಒಂದು ಮಾತಿಲ್ಲೇನು' ಅಂತ ಗ್ಯಾನಮ್ಮ ನನ್ನ ಮುಂದ ಅಂದ್ಲು."

"ನೀ ಹೇಳಬೇಕಿತ್ತಲ್ಲಕ್ಕ, ಅಕಿ ಕಣ್ಣಿನ ವಿಷಯ?"

"ನೀವ ಯಾರಿಗೂ ಹೇಳಬ್ಯಾಡ ಅಂದೀರಿ. ನಾ ಬಾಯಿ ಹೊಲಕೊಂಡು ಕುಂತೆ," ಎಂದು ಜುಬೇದಾಬೀ ಎರಡು ಸಿವುಡು ಮೆಂತ್ಯೆ ಕಟ್ಟೆಯ ಮೇಲಿಟ್ಟು ಹೋದಳು.

ನಂದಿನಿಯ ಕಣ್ಣು ಒಂಬತ್ತನೆಯ ತರಗತಿಯಲ್ಲಿದ್ದಾಗ ಕೆಟ್ಟಿತು. ಮೊದಲು ಬೋರ್ಡಿನ ಅಕ್ಷರ ಹೋದವು, ಆಮೇಲೆ ಪುಸ್ತಕದ ಅಕ್ಷರ, ಆಮೇಲೆ ಮುಖಗಳು. ರಾಯಚೂರಿನ ಡಾಕ್ಟರು, ಚಸ್ಮಾದಿಂದ ಆಗುವ ಕೆಲಸವಲ್ಲ, ನೋಟದ ನಡುಭಾಗ ಹೋಗಿದೆ, ಅಂಚು ಮಾತ್ರ ಉಳಿಯುತ್ತದೆ ಎಂದರು. ಅಂಚು ಉಳಿದದ್ದೇ ನಮ್ಮ ಮನೆಯಲ್ಲಿ ಜಗಳಕ್ಕೆ ಮೂಲ. ಪೂರ್ತಿ ಕಾಣದಿದ್ದರೆ ಎಲ್ಲರೂ ನಂಬುತ್ತಿದ್ದರು. ಇವಳು ಅಂಗಳದ ಮೂಲೆಯಲ್ಲಿ ಬಿದ್ದ ಪಿನ್ನನ್ನು ಎತ್ತಿ ಕೊಡುತ್ತಾಳೆ, ಎದುರಿಗೆ ನಿಂತ ಅಜ್ಜಿಯನ್ನು ಯಾರು ಎಂದು ಕೇಳುತ್ತಾಳೆ. ಯಾರನ್ನಾದರೂ ನೋಡಬೇಕೆಂದರೆ ಅವರಿಂದ ಮುಖವನ್ನು ಪಕ್ಕಕ್ಕೆ ತಿರುಗಿಸಬೇಕು. ಆಗ ಉಳಿದ ಅಂಚಿನಲ್ಲಿ ಅವರು ಸ್ವಲ್ಪ ಕಾಣುತ್ತಾರೆ. ಮನೆಯಲ್ಲಿ ನಮಗೆ ಅದು ರೂಢಿಯಾಗಿತ್ತು. ಬಸ್‌ಸ್ಟ್ಯಾಂಡಿನಲ್ಲಿ ನಿಂತವರಿಗೆ ಅದು ಹೇಗೆ ಕಾಣುತ್ತದೆ ಎಂದು ನಾವು ಯಾರೂ ಯೋಚಿಸಿರಲಿಲ್ಲ.

ರಾತ್ರಿ ಊಟಕ್ಕೆ ಕೂತಾಗ ವಿಷಯ ತೆಗೆದೆ. ನನ್ನ ಗಂಡ ಮಲ್ಲೇಶ ತಾಲ್ಲೂಕು ಕಚೇರಿಯಲ್ಲಿ ಗುಮಾಸ್ತರು. ಹೊರಗೆ ಎಷ್ಟು ಮೆತ್ತಗೋ ಮನೆಯಲ್ಲಿ ಅಷ್ಟೇ ಬಿರುಸು. ರೊಟ್ಟಿ ಮುರಿಯುತ್ತಿದ್ದ ಕೈ ನಿಂತಿತು.

"ಗ್ಯಾನಮ್ಮನ ಮುಂದ ಮಾರಿ ತಿರುವಿದೇನ್ ನೀ?"

"ಯಾರೋ ನಿಂತಿದ್ರು. ಯಾರು ಅಂತ ನೋಡಿದೆ," ಎಂದಳು ನಂದಿನಿ. "ಹಸಿರು ಸೀರಿ ಕಂಡಿತು. ಹಸಿರು ಸೀರಿ ಉಟ್ಟೋರೆಲ್ಲ ಬೀಗರಾಗಾಂಗಿಲ್ಲಲ್ಲಪ್ಪ. ಅವರು ಒಂದು ಮಾತಾಡಿದ್ರ ದನಿ ಹಿಡೀತಿದ್ದೆ."

"ಅವರ್ಯಾಕ ಮಾತಾಡ್ಬೇಕು? ಸಣ್ಣೋರು ಮೊದಲ ಮಾತಾಡ್ಸಬೇಕು. 'ಆರಾಮ್ರೀ ಅತ್ತಿ' ಅಂದ್ರ ನಿನ್ನ ನಾಲಿಗಿ ಸವೀತಿತ್ತೇನು?" ಎಂದಳು ನನ್ನ ಅತ್ತೆ ಮುದುಕಮ್ಮ.

"ಕಂಡೋರಿಗೆಲ್ಲ ಅತ್ತಿ ಅನ್ನಲೇನಾಯಿ? ಮೊನ್ನೆ ಎಟಿಎಂ ಮುಂದಿನ ವಾಚ್‌ಮನ್‌ಗೆ ನಮಸ್ಕಾರ ಮಾವ ಅಂದೀನಿ. ಅಂವ ಇನ್ನೂ ನಕ್ಕೋತ ಕುಂತಾನ."

ಶಿವಪ್ರಸಾದ ನಕ್ಕುಬಿಟ್ಟ. ಅಪ್ಪನ ಮುಖ ನೋಡಿ ನೀರಿನ ಲೋಟ ಎತ್ತಿಕೊಂಡ. ಅವನು ಲಿಂಗಸುಗೂರಿನ ಒಂದು ಲ್ಯಾಬಿನಲ್ಲಿ ರಕ್ತ ಪರೀಕ್ಷೆಯ ಕೆಲಸ ಮಾಡುತ್ತಾನೆ. ಸುಕನ್ಯಾಳ ಜೊತೆ ಫೋನಿನಲ್ಲಿ ಮಾತು ಶುರುವಾಗಿ ಒಂದು ತಿಂಗಳಾಗಿತ್ತು. ತಂಗಿಯ ಕಣ್ಣಿನ ಸಂಗತಿ ಅವಳಿಗೂ ಹೇಳಿರಲಿಲ್ಲ.

"ನಾನ ಹೇಳ್ತೀನಿ ಗ್ಯಾನಮ್ಮಾರಿಗೆ. ಕಾಣಲಿಲ್ರೀ ಅಂತ ಹೇಳಿದ್ರ ಮುಗೀತು," ಎಂದಳು ನಂದಿನಿ.

"ಏನೂ ಹೇಳಬ್ಯಾಡ," ಎಂದರು ಇವರು. "ಮನಿತನದಾಗ ಕಣ್ಣಿನ ರೋಗ ಐತಿ ಅಂತ ಒಂದು ಮಾತು ಹೊಂಟ್ರ ಇವನಿಗೆ ಹೆಣ್ಣು ಕೊಡೋರ್ಯಾರು? ಲಗ್ನ ಆಗೋತನಕ ಬಾಯಿ ಮುಚ್ಚಿಕೊಂಡಿರ್ರಿ. ಇನ್ನೊಂದು, ಆ ಬಿಳಿ ಬಡಿಗಿ. ಅದನ್ನ ಸಿಂಧನೂರಾಗೂ ತೆಗೀಬ್ಯಾಡ. ಅಂಬಪ್ಪನ ತಮ್ಮಂದು ಅಲ್ಲೇ ಸ್ಟ್ಯಾಂಡಿನ್ಯಾಗ ಅಂಗಡಿ ಐತಂತ."

ಬಿಳಿ ಕೋಲನ್ನು ನಂದಿನಿಗೆ ಸಿಂಧನೂರಿನ ಒಂದು ತರಬೇತಿ ಶಿಬಿರದಲ್ಲಿ ಕೊಟ್ಟಿದ್ದರು. ಮಡಿಸಿದರೆ ಚೀಲದಲ್ಲಿ ಹಿಡಿಯುತ್ತದೆ. ಅವಳು ಅದನ್ನು ಸಿಂಧನೂರಿನಲ್ಲಿ ಬಸ್ ಇಳಿದ ಮೇಲೆ ಬಿಚ್ಚುತ್ತಿದ್ದಳು, ಮಸ್ಕಿ ಬರುವ ಮುಂಚೆ ಮಡಿಸುತ್ತಿದ್ದಳು. ಮಸ್ಕಿಯಲ್ಲಿ ಬೇಡ ಎಂಬ ಮಾತಿಗೆ ಒಪ್ಪಿಕೊಂಡೇ ಇದ್ದಳು. ಈಗ ಎರಡೂ ಊರಲ್ಲಿ ಬೇಡ ಎಂದಾಗ ಅನ್ನ ಕಲಸುತ್ತಿದ್ದ ಕೈ ತೆಗೆದು ತಟ್ಟೆಯ ಅಂಚಿಗೆ ಒರೆಸಿದಳು.

"ಆಯಿ ಬಡಿಗಿ ಹಿಡದ್ರ ಹಿರ್ಯಾಳು. ನಾ ಹಿಡದ್ರ ಕುಡ್ಡಿ. ಹೌದಿಲ್ಲಪ್ಪ?"

ನಾನು ಅವಳ ತಟ್ಟೆಗೆ ಮೊಸರು ಹಾಕಿದೆ. ಅದನ್ನು ತಿನ್ನದೆ ಎದ್ದಳು.

ಕೋಲು ಅಡುಗೆಮನೆಯ ಅಕ್ಕಿ ಡ್ರಮ್ಮಿನ ಹಿಂದೆ ಹೋಯಿತು. ಆ ವಾರ ನಂದಿನಿ ಗೆಳತಿ ಒಬ್ಬಳ ಕೈ ಹಿಡಿದು ಕಾಲೇಜಿಗೆ ಹೋದಳು. ಮರುವಾರ ಗೆಳತಿಗೆ ಜ್ವರ. ಸಿಂಧನೂರು ಸ್ಟ್ಯಾಂಡಿನಲ್ಲಿ ಬಸ್ಸಿನ ಬೋರ್ಡು ಓದಲು ಯಾರನ್ನಾದರೂ ಕೇಳಿದರೆ, ಕೋಲು ಇಲ್ಲದ್ದರಿಂದ ಅವರು ಇವಳನ್ನೇ ಗದರಿಸಿದರು. "ಬರ್ದೈತಲ್ಲ ದೊಡ್ಡದಾಗಿ, ಓದಾಕ ಬರಾಂಗಿಲ್ಲೇನು?" ಎಂದು ಒಬ್ಬ ಕಂಡಕ್ಟರ್ ಅಂದನಂತೆ. ಒಂದು ಸಲ ಮಸ್ಕಿಯ ಬಸ್ಸೆಂದು ಗಂಗಾವತಿಯ ಬಸ್ ಹತ್ತಿ, ಟಿಕೆಟ್ ಕೇಳಿದಾಗ ಗೊತ್ತಾಗಿ, ನಡುದಾರಿಯಲ್ಲಿ ಇಳಿದು ಸಿಂಧನೂರು ಸ್ಟ್ಯಾಂಡಿಗೆ ವಾಪಸ್ ನಡೆದು ಬಂದಳು. ಶುಕ್ರವಾರ ಹಣ್ಣಿನವರ ನೆರಳಿನ ತಾಡಪತ್ರಿಗೆ ಕಟ್ಟಿದ್ದ ಕಲ್ಲಿಗೆ ಎಡವಿ ಬಿದ್ದಳು. ಮನೆಗೆ ಬಂದಾಗ ಸಲ್ವಾರಿನ ಮೊಣಕಾಲು ಹರಿದು, ಅದರ ಕೆಳಗಿನ ಎಲುಬಿನ ಉದ್ದಕ್ಕೂ ಚರ್ಮ ಎದ್ದುಹೋಗಿತ್ತು.

ಅರಿಷಿಣ ಹಚ್ಚಿದವಳು ಅತ್ತೆಯೇ. ಹಚ್ಚುತ್ತಾ ಬೈದಳು.

"ಕಲ್ಲು ಕಾಣಲಿಲ್ಲೇನು? ಪಿನ್ನು ಕಾಣತೈತಿ, ಇಷ್ಟು ದೊಡ್ಡ ಕಲ್ಲು ಕಾಣಾಂಗಿಲ್ಲ!"

"ಪಿನ್ನು ಪಕ್ಕದಾಗ ಇತ್ತಾಯಿ. ಕಲ್ಲು ನಡುವ ಇತ್ತು."

ಅತ್ತೆ ಅರಿಷಿಣದ ಬಟ್ಟಲು ಕೆಳಗಿಟ್ಟಳು. ಆಮೇಲೆ ತನ್ನ ಕೈಯನ್ನು ಮೊಮ್ಮಗಳ ಮುಖದ ಮುಂದೆ ಹಿಡಿದು, ಮೆಲ್ಲಗೆ ಪಕ್ಕಕ್ಕೆ ಸರಿಸುತ್ತಾ ಕೇಳಿದಳು. "ಇಲ್ಲಿ? ಇಲ್ಲಿ? ಈಗ?"

"ಈಗ ಕಾಣತೈತಿ. ಬಳಿ ಎರಡು ಅದಾವ."

"ಮೂರು ಅದಾವಬೇ," ಎಂದಳು ಅತ್ತೆ. ಆದರೆ ಬೈಗುಳ ಅಲ್ಲಿಗೆ ನಿಂತಿತು.

ಇವರು ಆಫೀಸಿನಿಂದ ಬಂದು ಕಾಲು ನೋಡಿದರು. ನೋಡಿದ ಮೇಲೆ ಮೆತ್ತಗಾಗುತ್ತಾರೆ ಎಂದುಕೊಂಡಿದ್ದೆ. ಅವರು ಹೆದರಿದರು. ಹೆದರಿದಾಗ ಅವರ ಬಾಯಿಂದ ಬರುವುದು ಅಪ್ಪಣೆಯೇ.

"ನಾಳಿಂದ ಕಾಲೇಜ್ ಬ್ಯಾಡ. ಲಗ್ನ ಆಗಲಿ. ಪರೀಕ್ಷಾ ಮುಂದಿನ ವರ್ಷ ಬರೀಬಹುದು."

"ಇದು ಕೊನೀ ಸೆಮಿಸ್ಟರ್ ಅಪ್ಪ. ಹಾಜರಾತಿ ಕಡಿಮಿ ಬಿದ್ರ ಬರಿಯಾಕ ಬಿಡಾಂಗಿಲ್ಲ. ಲಗ್ನ ಮುಗಿಯೋತನಕ ನಾ ಕುಡ್ಡಿ ಆಗಬಾರದು, ಅದಕ್ಕ ಮನ್ಯಾಗ ಕುಂದ್ರಬೇಕು. ಆಮ್ಯಾಲ ಸುಕನ್ಯಾ ಈ ಮನಿಗೆ ಬಂದ ಮ್ಯಾಲ? ಅಕಿ ಮುಂದ ಎಷ್ಟು ದಿನ ಕಂಡಾಂಗ ನಾಟಕ ಮಾಡ್ಲಿ?"

"ಬಾಯಿ ಬಂದೈತಿ ನಿನಗ."

"ಅದೊಂದ ಪೂರ್ತಿ ಐತಿ."

ಇವರು ಚಪ್ಪಲಿ ಮೆಟ್ಟಿಕೊಂಡು ಹೊರಗೆ ಹೋದರು.

ನಂದಿನಿ ಮನೆಯಲ್ಲಿ ಕೂತಳು. ಕೂತಳು ಎಂದರೆ ಕೆಲಸ ಬಿಟ್ಟು ಕೂತಳೆಂದಲ್ಲ. ಬೆಳಿಗ್ಗೆ ರೊಟ್ಟಿ ಅವಳೇ ಬಡಿಯುತ್ತಿದ್ದಳು. ರೊಟ್ಟಿ ಬಡಿಯಲು ಕಣ್ಣು ಬೇಕಿಲ್ಲ, ಕೈಯ ಕೆಳಗೆ ಹಿಟ್ಟು ತಿರುಗುವುದು ಗೊತ್ತಾದರೆ ಸಾಕು, ಬೆಂದದ್ದು ವಾಸನೆಯಲ್ಲೇ ತಿಳಿಯುತ್ತದೆ. ಉಪ್ಪಿನ ಡಬ್ಬಿಗೆ ರಬ್ಬರ್ ಬ್ಯಾಂಡ್, ಸಕ್ಕರೆಯದಕ್ಕೆ ಇಲ್ಲ. ಮಧ್ಯಾಹ್ನ ಕಿವಿಗೆ ವೈರು ಹಾಕಿಕೊಂಡು ಗೆಳತಿ ಕಳಿಸಿದ ಪಾಠವನ್ನು ಫೋನು ಓದುವುದನ್ನು ಕೇಳುತ್ತಾ ಶೇಂಗಾ ಒಡೆಯುತ್ತಿದ್ದಳು. ವೈರು ಕಿತ್ತರೆ ಫೋನು ಮನೆಗೆಲ್ಲ ಕೇಳುವಂತೆ ಒದರುತ್ತಿತ್ತು. "ಆ ಫೋನಿನ್ಯಾಗಿನ ಹೆಂಗ್ಸು ಉಸಿರಽ ತಗೊಳ್ಳಾಂಗಿಲ್ಲ ನೋಡು," ಎಂದು ಅತ್ತೆ ಬೈಯುತ್ತಿದ್ದಳು, ಆದರೂ ಇತಿಹಾಸದ ಪಾಠ ಬಂದರೆ ಹತ್ತಿರ ಸರಿದು ಕೂರುತ್ತಿದ್ದಳು. ಇವರೂ ಮಗಳೂ ಮಾತು ಬಿಟ್ಟಿದ್ದರು. "ಅವ್ವ, ಅಪ್ಪಗ ನೀರು ಬೇಕಂತೇನ್ ಕೇಳು," ಎಂದು ಅವಳು, "ಬ್ಯಾಡ ಅಂತ ಹೇಳು," ಎಂದು ಇವರು. ಇಬ್ಬರ ನಡುವೆ ನಾನು ಚೊಂಬು ಹಿಡಿದು ನಿಲ್ಲುತ್ತಿದ್ದೆ.

ಅಷ್ಟರಲ್ಲಿ ಅಂಬಪ್ಪನವರು ಫೋನು ಮಾಡಿದರು. ಭಾನುವಾರ ಮಾತುಕತೆ ಮುಗಿಸಲು ಬರುತ್ತೇವೆ, ಅಣ್ಣ ಅತ್ತಿಗೆಯರೂ ಇರುತ್ತಾರೆ ಎಂದರು. ಕೊನೆಗೆ ಒಂದು ಮಾತು ಸೇರಿಸಿದರು. "ನಮ್ಮಾಕಿಗೆ ಒಂಚೂರು ಬ್ಯಾಸರ ಆಗೈತಿ. ಬರಾಂಗಿಲ್ಲ ಅಂದಿದ್ಲು. ಒಪ್ಪಿಸೀನಿ."

ನಂದಿನಿಯನ್ನು ಭಾನುವಾರ ಮುಕ್ಕುಂದದ ನನ್ನ ನಾದಿನಿಯ ಮನೆಗೆ ಕಳಿಸಬೇಕು ಎಂದರು ಇವರು. "ಅಕಿ ಇರದಿದ್ರ ಇನ್ನೂ ಸಿಟ್ಟಾಗ್ತಾರ," ಎಂದೆ. "ಮನಿ ಮಗಳು ಬೇಕಂತ ಮಾರಿ ತಪ್ಪಿಸ್ಯಾಳ ಅಂತಾರ. ಅಕಿ ಇರಲಿ. ಬಡಿಸಲಿ."

"ಬಡಿಸಾಕ ಹೋಗಿ ಮತ್ತೇನರ ಆದ್ರ?"

"ನಾ ಮುಂದ ಇರ್ತೀನಿ."

ನನ್ನ ಉಪಾಯ ಸರಳವಾಗಿತ್ತು. ನಾನು ಎಣ್ಣೆಗಾಯಿ ಪಲ್ಯ ಹಿಡಿದು ಪಂಕ್ತಿಯಲ್ಲಿ ಮುಂದೆ ಹೋಗುವುದು, ಪ್ರತಿಯೊಬ್ಬರನ್ನೂ ಗಟ್ಟಿಯಾಗಿ ಮಾತಾಡಿಸುವುದು. ಅವರು ಹೂಂ, ಸಾಕು, ಇನ್ನಷ್ಟು ಎಂದು ಏನಾದರೂ ಅನ್ನುತ್ತಾರೆ. ಹಿಂದೆ ರೊಟ್ಟಿಯ ಬುಟ್ಟಿ ಹಿಡಿದು ಬರುವ ನಂದಿನಿ ದನಿ ಹಿಡಿದು ಅವರವರ ತಟ್ಟೆಗೆ ಹಾಕುವುದು. ಶನಿವಾರ ಮನೆಮಂದಿಯನ್ನೇ ಕೂರಿಸಿ ಮಾಡಿ ನೋಡಿದೆವು. ಅತ್ತೆ ಬೇಕೆಂದೇ ಗಂಡಸಿನ ದನಿ ತೆಗೆದು, "ಬೀಗತಿ, ಉಪ್ಪು ಕಡಿಮಿ ಆತ್ರೀ," ಎಂದಳು. ಮನೆಯಲ್ಲಿ ಎಷ್ಟೋ ದಿನದ ಮೇಲೆ ಎಲ್ಲರೂ ನಕ್ಕೆವು, ಇವರನ್ನು ಬಿಟ್ಟು.

ಭಾನುವಾರ ಬಂದರು. ಗ್ಯಾನಮ್ಮ ಕಾಲು ತೊಳೆದುಕೊಂಡು ಒಳಗೆ ಬಂದು ಬುದ್ಧನ ಫೋಟೋದ ಕೆಳಗೆ ಗೋಡೆಗೆ ಒರಗಿ ಕೂತರು. ನಾನು ಆರಾಮೇನ್ರೀ ಎಂದರೆ ತಲೆ ಆಡಿಸಿದರು. ಚಹಾ ಕೊಟ್ಟರೆ ಕೈಯಲ್ಲೇ ಬೇಡವೆಂದರು. ಗಂಡಸರು ಕಾಲುವೆಯ ನೀರು, ಭತ್ತದ ನಾಟಿ, ಶಿವಪ್ರಸಾದನ ಕೆಲಸ ಎಲ್ಲ ಮಾತಾಡಿದರು. ಗ್ಯಾನಮ್ಮ ತುಟಿ ಎರಡು ಮಾಡಲಿಲ್ಲ. ನಮ್ಮ ಕಡೆಯ ಹೆಂಗಸರು ಮುನಿದರೆ ಹಾಗೆಯೇ. ಜಗಳ ಆಡುವುದಿಲ್ಲ, ಬಾಯಿ ಮುಚ್ಚುತ್ತಾರೆ. ಎದುರಿನವರು ಬಂದು ಮಾತಾಡಿಸಿ, ತಪ್ಪಾಯಿತು ಎನ್ನುವವರೆಗೆ ತೆರೆಯುವುದಿಲ್ಲ.

ಊಟಕ್ಕೆ ಒಂದು ಕಡೆ ಗಂಡಸರು, ಎದುರು ಕಡೆ ಹೆಂಗಸರು ಕೂತರು. ಗಂಡಸರ ಸಾಲು ಚೆನ್ನಾಗಿಯೇ ಸಾಗಿತು. "ಅಣ್ಣಾರ, ಬದನಿಕಾಯಿ ಇನ್ನೊಂದು?" "ಹಾಕ್ರಿ ತಂಗೀ." ಹಿಂದಿನಿಂದ ನಂದಿನಿ, "ಮಾವ, ಬಿಸಿ ರೊಟ್ಟಿ." ಅಂಬಪ್ಪನವರು, "ಯಾರ್ ಬಡದದ್ದು ಈ ರೊಟ್ಟಿ, ಹತ್ತಿಯಂಗ ಮೆತ್ತಗ ಆಗೈತಲ್ಲ," ಎಂದರು. "ನಾನ್ರೀ ಮಾವ," ಎಂದಳು. ಇವರ ಮುಖ ಸ್ವಲ್ಪ ಸಡಿಲಾಯಿತು.

ಹೆಂಗಸರ ಸಾಲಿಗೆ ಬಂದೆವು. ಮೊದಲು ಅಂಬಪ್ಪನವರ ಅತ್ತಿಗೆ, ಆಮೇಲೆ ಗ್ಯಾನಮ್ಮ, ಆಮೇಲೆ ಅವರ ತಂಗಿ. "ಗ್ಯಾನಮ್ಮಾರ, ಪಲ್ಯ ಹಾಕ್ಲೇನ್ರೀ?" ಎಂದೆ. ಅವರು ನನ್ನ ಮುಖ ನೋಡಿದರು, ತಟ್ಟೆ ನೋಡಿದರು, ಸುಮ್ಮನಾದರು. ನಾನು ಪಲ್ಯ ಹಾಕಿ ಇನ್ನೊಮ್ಮೆ ಮಾತಾಡಿಸಿದೆ. ಉತ್ತರವಿಲ್ಲ. ಪಕ್ಕದ ತಂಗಿ, "ನನಗ ಸಾಕ್ರೀ," ಎಂದರು. ಆ ದನಿ ಹಿಡಿದು ನಂದಿನಿ ಮುಂದೆ ಸರಿದಳು. ಅಂಬಪ್ಪನವರ ಅತ್ತಿಗೆಯ ತಟ್ಟೆಗೆ ರೊಟ್ಟಿ ಬಿತ್ತು. ಗ್ಯಾನಮ್ಮನ ತಟ್ಟೆ ದಾಟಿ ತಂಗಿಯ ತಟ್ಟೆಗೆ ಬಿತ್ತು. ಬುಟ್ಟಿ ಮುಂದೆ ಹೋಯಿತು.

ಪಂಕ್ತಿಯಲ್ಲಿ ಒಬ್ಬರನ್ನು ದಾಟಿ ಬಡಿಸುವುದೆಂದರೆ ಎದ್ದು ಹೋಗು ಎಂದ ಹಾಗೆ. ಅಂಬಪ್ಪನವರ ಕೈ ತಟ್ಟೆಯಲ್ಲಿ ನಿಂತಿತು. ಗ್ಯಾನಮ್ಮ ಸೆರಗು ಸರಿಮಾಡಿಕೊಂಡು, ಗೋಡೆಗೆ ಕೈಕೊಟ್ಟು ಏಳಲು ಹೊರಟರು.

"ಏ ನಂದಿನೀ!" ಎಂದು ಇವರು ಕೂಗಿದರು.

ನಂದಿನಿ ತಿರುಗಿ ನಿಂತಳು. "ಯಾರಿಗೆ ಹಾಕಿಲ್ಲಪ್ಪ?" ಎಂದು ಕೇಳಿದಳು. ಹತ್ತು ದಿನದ ಮೇಲೆ ಅಪ್ಪನಿಗೆ ಅವಳು ಆಡಿದ ಮೊದಲ ಮಾತು ಅದು. ಇವರಿಗಿಂತ ಮೊದಲು ಅತ್ತೆಯೇ ಮೂಲೆಯಿಂದ ಹೇಳಿದಳು. "ನಿಮ್ಮ ಅತ್ತಿ ಗ್ಯಾನಮ್ಮಗಬೇ. ನಿನ್ನ ಬಲಕ್ಕ ಅದಾರ."

ನಂದಿನಿ ಬುಟ್ಟಿಯನ್ನು ನೆಲಕ್ಕಿಟ್ಟು ಬಲಕ್ಕೆ ತಿರುಗಿ ಕುಳಿತಳು.

"ಅತ್ತಿ, ನೀವ್ ಸುಮ್ನ ಕುಂತ್ರ ನನಗ ನೀವ್ ಇಲ್ಲಿ ಇದ್ದದ್ದು ಗೊತ್ತಾಗಾಂಗಿಲ್ರೀ. ನನಗ ನಡುವ ಕಾಣಾಂಗಿಲ್ಲ. ನೇರ ನೋಡಿದ್ರ ನಿಮ್ಮ ಮಾರಿ ಇದ್ದಲ್ಲಿ ಮಬ್ಬು. ನೋಡ್ರಿ, ಹಿಂಗ ಆ ಕಡಿ ತಿರುಗಿದ್ರ ನಿಮ್ಮ ಕಿವ್ಯಾಗಿನ ಬೆಂಡೋಲಿ ಮಿಂಚೋದು ಕಾಣತೈತಿ. ಅವತ್ತ ಸ್ಟ್ಯಾಂಡಿನ್ಯಾಗ ಮಾರಿ ತಿರುವಿದ್ದು ಅದಕ್ಕರೀ."

ಅರ್ಧ ಎದ್ದಿದ್ದ ಗ್ಯಾನಮ್ಮ ಮತ್ತೆ ಕೂತರು. "ಅಂದ್ರ ಅವತ್ತ ನೀ ನನ್ನ ನೋಡಿದಿ," ಎಂದರು.

"ನೋಡೀನ್ರಿ. ಹಸಿರು ಸೀರಿ. ಯಾರು ಅಂತ ಗೊತ್ತಾಗಲಿಲ್ಲ. ನೀವ್ ಮಾತಾಡಲಿಲ್ಲಲ್ರೀ."

"ನಾ ದೊಡ್ಡಾಕಿ. ನಾ ಯಾಕ ಮೊದಲ ಮಾತಾಡ್ಲಿ?"

"ಮತ್ತ ನಾ ಹೆಂಗ ಮೊದಲ ಮಾತಾಡ್ಲಿರೀ, ಯಾರಂತ ಗೊತ್ತಿಲ್ಲದ?"

ಗ್ಯಾನಮ್ಮ ನನ್ನ ಕಡೆ ತಿರುಗಿದರು. "ಇದನ್ನ ಮುಚ್ಚಿಟ್ಟು ಹೆಣ್ಣು ಕೇಳಾಕ ಬಂದಿದ್ರಿ ನೀವು."

"ಹೌದ್ರೀ," ಎಂದೆ. ಬೇರೆ ಏನೆಂದು ಹೇಳುವುದು?

"ಮನಿತನದಾಗ ಐತೇನು?" ಎಂದು ಅಂಬಪ್ಪನವರು ಮೆಲ್ಲಗೆ ಕೇಳಿದರು. ಇವರು ಕಂಬದ ಹತ್ತಿರ ನಿಂತೇ ಹೇಳಿದರು. ನಮ್ಮ ತಿಳಿವಳಿಕೆಯಲ್ಲಿ ಹಿಂದೆ ಯಾರಿಗೂ ಇಲ್ಲ, ಮುಂದಿನದು ಡಾಕ್ಟರಿಗೂ ಗೊತ್ತಿಲ್ಲ, ಶಿವಪ್ರಸಾದನ ಕಣ್ಣು ಪರೀಕ್ಷೆ ಮಾಡಿಸಿದ್ದೇವೆ, ಚೆನ್ನಾಗಿವೆ. "ಹೇಳಬೇಕಿತ್ತು. ಹೇಳಲಿಲ್ಲ," ಎಂದರು. ಇವರ ಬಾಯಲ್ಲಿ ಅಂಥ ಮಾತು ನಾನು ಕೇಳಿದ್ದು ಕಡಿಮೆ.

ನಂದಿನಿ ಇನ್ನೂ ತಟ್ಟೆಯ ಮುಂದೆಯೇ ಕುಳಿತಿದ್ದಳು. ಬುಟ್ಟಿಯಿಂದ ಒಂದು ರೊಟ್ಟಿ ತೆಗೆದು ಕೈಯಲ್ಲಿ ಹಿಡಿದಿದ್ದಳು. ಗ್ಯಾನಮ್ಮ ಅದನ್ನು ನೋಡಿದರು.

"ಹಾಕು," ಎಂದರು. "ತಣ್ಣಗಾಕತೈತಿ."

ಊಟ ಮುಗಿಸಿದರು. ಎಲೆ ಅಡಿಕೆ ಹಾಕಿಕೊಂಡರು. ಹೋಗುವಾಗ ಅಂಬಪ್ಪನವರು, "ಮನ್ಯಾಗ ಮಾತಾಡಿ ತಿಳಿಸ್ತೀವಿ," ಎಂದಷ್ಟೇ ಹೇಳಿದರು. ಆಟೋ ತಿರುವು ದಾಟಿದ ಮೇಲೆ ಶಿವಪ್ರಸಾದ ಊಟ ಮಾಡದೆ ಬೈಕು ಹತ್ತಿ ಹೋದ.

ಸಂಜೆ ಬಂದವನು ತಂಗಿಯ ಮುಂದೆ ನಿಂತು, "ಲಗ್ನ ಮುರದ್ರ ನಿನ್ನ ಹೆಸರು ಹೇಳ್ತೀನಿ," ಎಂದ.

"ಹೇಳು. ಸುಕನ್ಯಾಗ ನನ್ನ ಕಣ್ಣಿನ ಮಾತಽ ಹೇಳಿಲ್ಲ ನೀ ಇಲ್ಲಿತನಕ. ಆದ್ರೂ ನಿನ್ನ ಅಣ್ಣ ಅಂತ ಅನಕೊಂಡೀನಿ."

ಅವನು ಫೋನು ತೆಗೆದುಕೊಂಡು ಮಾಳಿಗೆಗೆ ಹೋದ. ಬಹಳ ಹೊತ್ತು ಇಳಿಯಲಿಲ್ಲ. ಇಳಿದ ಮೇಲೆ, "ಸುಕನ್ಯಾಗ ನಾ ಇಷ್ಟು ದಿನ ಹೇಳದ ಇದ್ದದ್ದಕ್ಕ ಸಿಟ್ಟು ಬಂದೈತಿ, ನಂದಿನಿ ಕಣ್ಣಿಂದಲ್ಲ," ಎಂದು ಹೇಳಿ ಅನ್ನ ಹಾಕಿಸಿಕೊಂಡು ಉಂಡ.

ಸೋಮವಾರ ಬೆಳಿಗ್ಗೆ ನಂದಿನಿ ತಲೆ ಬಾಚಿಕೊಂಡು ಚೀಲ ಹಾಕಿಕೊಂಡಳು. ಯಾರನ್ನೂ ಕೇಳಲಿಲ್ಲ. ಇವರು ಪೇಪರು ಹಿಡಿದು ಕೂತಿದ್ದರು. ಅತ್ತೆ ತನ್ನ ಬಡಿಗೆ ಊರಿಕೊಂಡು ಅಡುಗೆಮನೆಗೆ ಹೋಗಿ, ಅಕ್ಕಿ ಡ್ರಮ್ಮಿನ ಹಿಂದೆ ಕೈಹಾಕಿ, ಬಿಳಿ ಕೋಲನ್ನು ತೆಗೆದು ಜೇಡರಬಲೆ ಒರೆಸಿಕೊಂಡು ಬಂದಳು.

"ಎಲ್ಲಾರಿಗೂ ಗೊತ್ತಾಗೈತಿ ಹೆಂಗೂ. ಇನ್ನು ಇದು ಇಲ್ಲಿದ್ದು ಇಲಿ ಹೊಡೀಬೇಕೇನು?"

ಇವರು ಪೇಪರಿನಿಂದ ತಲೆ ಎತ್ತಲಿಲ್ಲ. ಪುಟ ತಿರುವಿದರು. "ಕಾಲಿಗೆ ಪಟ್ಟಿ ಹಾಕ್ಯಾಳೇನ್ ಕೇಳು," ಎಂದು ನನಗೆ ಹೇಳಿದರು.

"ಹಾಕೀನಪ್ಪ," ಎಂದು ನಂದಿನಿಯೇ ಹೇಳಿದಳು.

ಹೊಸ್ತಿಲಲ್ಲೇ ಕೋಲು ಬಿಚ್ಚಿದಳು. ಅದರ ತುಂಡುಗಳು ಟಕಟಕ ಎಂದು ಒಂದರೊಳಗೊಂದು ಕೂತವು. ಓಣಿಯ ಬಾಗಿಲುಗಳಲ್ಲಿ ಕಸ ಗುಡಿಸುತ್ತಿದ್ದವರ ಕೈ ನಿಂತವು. ನನಗೆ ಟೊಮ್ಯಾಟೊ ಬೇಕಾಗಿತ್ತು, ಅದೇ ನೆಪದಲ್ಲಿ ಚೀಲ ಹಿಡಿದು ಹಿಂದೆ ಹೋದೆ. ಸ್ಟ್ಯಾಂಡಿನವರೆಗೂ ಅವಳು ನನಗೆ ಕೈ ಕೊಡಲಿಲ್ಲ, ನಾನೂ ಹಿಡಿಯಲಿಲ್ಲ.

ಹೀಗೆ ಎರಡು ವಾರ ಹೋದಳು. ಸಂತೆಕಲ್ಲೂರಿನಿಂದ ಫೋನು ಬರಲಿಲ್ಲ. ನಾವೂ ಮಾಡಲಿಲ್ಲ. ಶಿವಪ್ರಸಾದ ಮಾತ್ರ ಮಾಳಿಗೆಗೆ ಹೋಗುವುದು ಬಿಡಲಿಲ್ಲ. ಊಟದ ಹೊತ್ತಿಗೆ ಇವರು ಮಗಳನ್ನು, "ಬಸ್ ಹೊತ್ತಿಗೆ ಸರಿಯಾಗಿ ಬಂತೇನು?" ಎಂದು ಕೇಳಿದರು. ಕೋಲಿನ ಹೆಸರು ಎತ್ತಲಿಲ್ಲ.

ಸಂತೆಯ ದಿನ ಸಂಜೆ ನಾನು ಜುಬೇದಾಬೀಯ ಹತ್ತಿರ ಬದನೆಕಾಯಿ ಆರಿಸುತ್ತಿದ್ದೆ. ಸಿಂಧನೂರಿನ ಬಸ್ ಬಂತು. ನಂದಿನಿ ಇಳಿದು, ಕೋಲಿನಿಂದ ಮುಂದಿನ ನೆಲ ನೋಡುತ್ತಾ ನಮ್ಮ ಕಡೆಗೆ ಬರತೊಡಗಿದಳು. ಅದೇ ಹೊತ್ತಿಗೆ ರಸ್ತೆಯ ಆಚೆ ಸಂತೆಕಲ್ಲೂರಿನ ಆಟೋ ನಿಂತಿತು. ಜನ ಇಳಿದರು. ಗ್ಯಾನಮ್ಮ ಚೀಲ ಬಗಲಲ್ಲಿಟ್ಟುಕೊಂಡು ಇಳಿದು, ನಂದಿನಿಯನ್ನು ಕಂಡು, ಇದ್ದಲ್ಲೇ ನಿಂತರು.

ಜುಬೇದಾಬೀ ತಕ್ಕಡಿ ಕೆಳಗಿಟ್ಟಳು. ನಾನು ಕೂಗಿ ಹೇಳಬೇಕೆಂದು ಬಾಯಿ ತೆರೆದೆ. ಅವಳು ನನ್ನ ಮೊಣಕೈ ಹಿಡಿದು, "ತಡಿಬೇ," ಎಂದಳು.

ಗ್ಯಾನಮ್ಮ ಅತ್ತಿತ್ತ ನೋಡಿದರು. ಸ್ಟ್ಯಾಂಡಿನಲ್ಲಿ ಅವರ ಊರಿನವರೂ ಇದ್ದರು. ಸೆರಗು ತಲೆಯ ಮೇಲೆ ಎಳೆದುಕೊಂಡು, ಗಂಟಲು ಸರಿಮಾಡಿಕೊಂಡು, ಹೊಲದ ಆಚೆ ತುದಿಗೆ ಕೇಳಬೇಕೆಂಬಂತೆ ಕೂಗಿದರು.

"ಏ ನಂದಿನೀ! ನಾನಬೇ, ಸಂತೆಕಲ್ಲೂರು ಗ್ಯಾನಮ್ಮ!"

ಸ್ಟ್ಯಾಂಡಿಗೆ ಸ್ಟ್ಯಾಂಡೇ ತಿರುಗಿ ನೋಡಿತು. ನಂದಿನಿಯ ಕೋಲು ನಿಂತಿತು.

"ಆರಾಮ್ರೀ ಅತ್ತಿ?"

"ಆರಾಮದೀನಿ. ನಿಮ್ಮಪ್ಪಗ ಹೇಳು, ನಾವಿನ್ನೂ ಲಗ್ನದ ಮಾತು ಮುಗಿಸಿಲ್ಲ. ಸುಕನ್ಯಾ ನಿನ್ನ ಫೋನ್ ನಂಬರ್ ಕೇಳ್ಯಾಳ. ಇಲ್ಲಿ ಅದೀನಿ ನೋಡು, ಆಟೋದ ಹತ್ರ."

ನಂದಿನಿ ಆ ದನಿಯ ಕಡೆಗೆ ಎರಡು ಹೆಜ್ಜೆ ಹೋಗಿ ನಿಂತಳು. ಆಮೇಲೆ ಮುಖವನ್ನು ಪೂರ್ತಿ ಆಚೆ ಕಡೆಗೆ ತಿರುಗಿಸಿ, ಗ್ಯಾನಮ್ಮನನ್ನು ನೋಡಿದಳು. ಗ್ಯಾನಮ್ಮ ಅಲ್ಲಾಡದೆ ನಿಂತು, ನೋಡಿಸಿಕೊಂಡರು.